ಎಲೆ ಕಳಿಸಲ್ಲ ಅಮ್ಮಾ, ಸುಮಾನ ಡಾಕ್ಟರ್ ಹತ್ರ ಕರ್ಕೊಂಡು ಹೋಗು

ಬೀಜಿಂಗ್, ಭಾನುವಾರ

ಪ್ರೀತಿಯ ಅಮ್ಮನಿಗೆ ಸಾಷ್ಟಾಂಗ ನಮಸ್ಕಾರ. ನಾನಿಲ್ಲಿ ಕ್ಷೇಮ. ಅಪ್ಪನ ಮಂಡಿನೋವು, ಕೊನೆಕೊಯ್ಲು ಎಲ್ಲ ಆಮೇಲೆ ವಿಚಾರಿಸ್ತೀನಿ.

ನಿನ್ನ ಕಾಗದ ಗುರುವಾರ ಕೈಸೇರಿತು. ಓದಿದಾಗಿನಿಂದ ತಂಗಿ ಸುಮಾನೇ ಕಣ್ಣ ಮುಂದೆ ಬರ್ತಾಳೆ. ಮುಟ್ಟು ಹನ್ನೆರಡು ದಿನ ನಿಲ್ಲಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ ಅಂತ ಬರೆದು, ಅದರ ಕೆಳಗೇ "ಚೀನಾದಲ್ಲಿ ಒಂದು ಮರದ ಎಲೆ ಇದಕ್ಕೆ ರಾಮಬಾಣವಂತೆ, ಶಾರದತ್ತೆ ಹೇಳಿದಳು, ಕಳಿಸು" ಅಂತಲೂ ಬರೆದಿದ್ದೀಯ.

ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಎಲೆಗೆ ಇಲ್ಲಿ ತ್ಸಬಾಯ್‌ಯೆ ಅಂತಾರೆ. ನೀನೂ ಆ ಮರ ನೋಡಿದ್ದೀಯ. ನಮ್ಮ ಹೈಸ್ಕೂಲಿನ ಗೇಟಿನ ಎರಡೂ ಕಡೆ ಇತ್ತಲ್ಲ, ವಿದ್ಯೆ ಬರುತ್ತೆ ಅಂತ ಪುಸ್ತಕದೊಳಗೆ ಇಟ್ಕೋತಿದ್ವಲ್ಲ, ಅದೇ ಗಿಡ! ಜಡೆ ಹೆಣೆದ ಹಾಗೆ ಒಂದರ ಮೇಲೊಂದು ಕೂತ ಪುಟ್ಟ ಪುಟ್ಟ ಎಲೆ, ಬೀಸಣಿಗೆ ಹಾಗೆ ಚಪ್ಪಟೆ, ಬೆರಳಲ್ಲಿ ಹೊಸಕಿದರೆ ರಾಳದ ವಾಸನೆ. ನಮ್ಮಲ್ಲಿ ಅಂದಕ್ಕೆ ನೆಟ್ಟ ಗಿಡ, ಇಲ್ಲಿ ದೊಡ್ಡ ಮರ. 1987ರಲ್ಲಿ ಬೀಜಿಂಗ್ ಊರಿಗೆಂದೇ ಎರಡು ಮರ ಆರಿಸಿದ್ರಂತೆ, ಅದರಲ್ಲಿ ಇದೂ ಒಂದು. ಸ್ವರ್ಗದ ದೇವಸ್ಥಾನ ಅನ್ನೋ ದೊಡ್ಡ ಉದ್ಯಾನದಲ್ಲಿ ಹಳೇ ಮರಗಳಿಗೆಲ್ಲ ತಗಡಿನ ಚೀಟಿ ಹೊಡೆದಿದ್ದಾರೆ. 300 ವರ್ಷ ದಾಟಿದ್ದಕ್ಕೆ ಕೆಂಪು, 100 ದಾಟಿದ್ದಕ್ಕೆ ಹಸಿರು. ಒಂದೊಂದಕ್ಕೂ ಲೆಕ್ಕ ಇಟ್ಟು ಕಾಪಾಡ್ತಾರೆ ಅಮ್ಮಾ, ನೋಡಿದರೆ ಸಂತೋಷ ಆಗುತ್ತೆ.

ನಿನ್ನೆ ಮದ್ದಿನ ಅಂಗಡಿಗೇ ಹೋಗಿದ್ದೆ. ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರು, ಒಳಗೆ ಒಂದೊಂದು ಬೇರು, ತೊಗಟೆ, ಸೊಪ್ಪು. ಈ ಎಲೆಯನ್ನು ನೆರಳಲ್ಲಿ ಒಣಗಿಸಿ ಇಡ್ತಾರೆ. ರಕ್ತ ಕಟ್ಟೋಕೆ ಬೇಕಾದಾಗ ಬಾಣಲೆಯಲ್ಲಿ ಕಪ್ಪಾಗೋ ತನಕ ಹುರಿದು ಕಷಾಯಕ್ಕೆ ಹಾಕೋದು, ಆರರಿಂದ ಹನ್ನೆರಡು ಗ್ರಾಂ. 1237ರಷ್ಟು ಹಿಂದೆಯೇ ಚೆನ್ ತ್ಸುಮಿಂಗ್ ಅನ್ನೋ ವೈದ್ಯರು ಹೆಂಗಸರ ಕಾಯಿಲೆಗಳಿಗೆಂದೇ ಒಂದು ಗ್ರಂಥ ಬರೆದಿದ್ದಾರೆ. ಈ ಎಲೆ, ತಾವರೆ ಎಲೆ ಎಲ್ಲ ಹಸಿಯಾಗೇ ಸೇರಿಸಿ ರಕ್ತ ನಿಲ್ಲಿಸೋಕೆ ಮಾಡೋ ಉಂಡೆ ಅದರಲ್ಲಿದೆಯಂತೆ. ನಮ್ಮಲ್ಲಿ ಅಶೋಕದ ತೊಗಟೆಯಿಂದ ಅಶೋಕಾರಿಷ್ಟ ಮಾಡಲ್ವಾ, ಹಾಗೆ.

ಆದರೆ ಅಂಗಡಿಯ ಅಜ್ಜ ಎಲೆ ಕೊಡಲಿಲ್ಲ. ಬಣ್ಣ ಕೆಂಪೋ ಕಪ್ಪೋ, ಗಡ್ಡೆ ಹೋಗುತ್ತಾ, ಕೈಕಾಲು ತಣ್ಣಗಿರುತ್ತಾ ಅಂತ ಒಂದೊಂದೇ ಕೇಳಿದರು. ನನ್ನ ಹತ್ರ ಒಂದಕ್ಕೂ ಉತ್ತರ ಇರಲಿಲ್ಲ. ಈ ಎಲೆ ತಂಪು, ಮೈ ಕಾದು ರಕ್ತ ಹೋಗೋರಿಗೆ ಮಾತ್ರ, ಮೈ ತಣ್ಣಗಿರೋರಿಗೆ ಬೇರೆ ಸೊಪ್ಪು ಅಂದರು. ನಮ್ಮ ಪಂಡಿತರ ಹಾಗೇ ಮೂರು ಬೆರಳಿಟ್ಟು ನಾಡಿ ನೋಡೋರು ಅವರು. "ಹುಡುಗಿಯನ್ನ ನೋಡದೆ ನಾನು ತೂಗಲ್ಲ" ಅಂದುಬಿಟ್ಟರು. ಆ ಮಾತು ಕೇಳಿ ನನಗೆ ನಾಚಿಕೆಯಾಯ್ತು. ನೋಡದೇ ಇರೋ ಹುಡುಗಿ ಬಗ್ಗೆ ಅವರು ಅಷ್ಟು ಯೋಚಿಸ್ತಾರೆ, ನಾವು ನಮ್ಮ ಮಗುವನ್ನ ಮೂರು ತಿಂಗಳಿಂದ ಮನೇಲಿ ಕೂರಿಸಿದ್ದೀವಿ.

ಅದಕ್ಕೇ ಕೇಳಮ್ಮ, ಎಲೆ ಕಳಿಸಲ್ಲ. ಅತ್ತೆ ಹೈಸ್ಕೂಲಿನ ಗಿಡದಿಂದಲೇ ಕಿತ್ತು ತಂದು ಕುದಿಸಿಬಿಟ್ಟಾರು, ಖಂಡಿತ ಬೇಡ! ಅದೇ ಥರ ಕಾಣೋ ಬೇರೆ ಗಿಡದ ಎಲೆಯಲ್ಲಿ ವಿಷದ ಅಂಶ ಇರುತ್ತೆ, ಫಿಟ್ಸ್ ಬರೋದೂ ಉಂಟು.

ಏಳು ದಿನಕ್ಕಿಂತ ಜಾಸ್ತಿ ಹೋದರೇ ತೋರಿಸಬೇಕು, ಇದು ಹನ್ನೆರಡು ದಿನ. ಸೋಮವಾರವೇ ಸಾಗರಕ್ಕೆ ಲೇಡಿ ಡಾಕ್ಟರ್ ಹತ್ರ ಕರ್ಕೊಂಡು ಹೋಗು. ಹಿಮೋಗ್ಲೋಬಿನ್ ನೋಡಿಸು, 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಥೈರಾಯ್ಡನ್ನೂ ನೋಡಿಸು, ಅದರಿಂದಲೂ ಹೀಗಾಗುತ್ತೆ. ಸ್ಕ್ಯಾನಿಂಗ್ ಹೊಟ್ಟೆ ಮೇಲಿಂದಲೇ ಮಾಡ್ತಾರೆ, ಹೆದರಬೇಡಿ. ಕಬ್ಬಿಣದ ಮಾತ್ರೆ ಕೊಟ್ಟರೆ ಅದರ ಹಿಂದೆಯೇ ಕಾಫಿ ಕುಡಿಸಬೇಡ, ಮೈಗೆ ಹತ್ತಲ್ಲ.

ಗಂಡಿನ ಕಡೆಯವರು ನೋಡೋಕೆ ಬರ್ತಾರೆ, ಆಸ್ಪತ್ರೆಗೆ ಹೋದದ್ದು ಗೊತ್ತಾದರೆ ಅಂತ ಬರೆದಿದ್ದೀಯ. ಗೊತ್ತಾಗಲಿ. ಇಷ್ಟಕ್ಕೇ ಬೇಡ ಅನ್ನೋ ಮನೆಗೆ ಅವಳನ್ನ ಕೊಡೋದೇ ಬೇಡ. ಅವರಿಗೆ ಎರಡು ತಿಂಗಳು ಬಿಟ್ಟು ಬನ್ನಿ ಅಂತ ಅಪ್ಪನ ಕೈಲಿ ಹೇಳಿಸು.

ದುಡ್ಡು ಅಪ್ಪನ ಖಾತೆಗೆ ಹಾಕಿದ್ದೀನಿ, ಖರ್ಚಿನ ಯೋಚನೆ ಮಾಡಬೇಡ. ನನಗೇನೂ ತೊಂದರೆ ಇಲ್ಲ, ಹೊಟ್ಟೆ ತುಂಬ ಊಟ ಮಾಡ್ತೀನಿ, ಚಳಿಗೆ ದಪ್ಪ ಕೋಟಿದೆ, ರೂಮು ಬೆಚ್ಚಗಿದೆ, ಒಂದು ಚೂರೂ ಚಿಂತೆ ಮಾಡಬೇಡ. ಇಲ್ಲಿ ಎಲ್ಲರೂ ಬಿಸಿನೀರೇ ಕುಡಿಯೋದು, ನೆಗಡಿಗೂ ಹೊಟ್ಟೆನೋವಿಗೂ "ಬಿಸಿನೀರು ಕುಡಿ" ಅಂತಾರೆ. ಮುಟ್ಟಿನ ದಿನ ಬೆಲ್ಲದಂಥ ಕೆಂಪು ಸಕ್ಕರೆಗೆ ಶುಂಠಿ ಹಾಕಿ ಕೊಡ್ತಾರೆ, ಥೇಟ್ ನಿನ್ನ ಕಷಾಯದ ರುಚಿ.

ಸುಮಾಗೆ ಹೇಳು, ಭಯ ಬೇಡ, ಅಕ್ಕ ಇದ್ದೀನಿ ಅಂತ. ಲ್ಯಾಬಿಗೆ ಹೊತ್ತಾಯ್ತು. ಸೋಮವಾರ ರಾತ್ರಿ ಫೋನ್ ಮಾಡ್ತೀನಿ, ರಿಪೋರ್ಟ್ ಕೈಲಿಟ್ಕೊಂಡಿರು.

ನಿನ್ನ ಮಗಳು,
ವೀಣಾ