ಮಗಳಿಗೊಂದು ಪತ್ರ: ಗೆರೆ ಮಿನುಗುವ ಆ ಅರ್ಧ ಗಂಟೆ

ಪ್ರೀತಿಯ ಪುಟ್ಟಿ,

"ಕಣ್ಣೇ ಹೋಯ್ತು ಅನ್ನಿಸ್ತು ಅಮ್ಮಾ" ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಡಾಕ್ಟರು ಪರೀಕ್ಷೆ ಮಾಡಿ ಇದು ಔರಾ ಇರುವ ಮೈಗ್ರೇನ್ ಅಂತ ಹೇಳಿದ್ದಾರೆ. ತಲೆನೋವಿಗೆ ಮುಂಚೆ ಸ್ವಲ್ಪ ಹೊತ್ತು ಕಣ್ಣೆದುರು ಗೆರೆ ಮಿನುಗಿ ನೋಟ ಕೆಡುತ್ತದಲ್ಲ, ಅದೇ ಔರಾ. ಅದನ್ನು ಕಟ್ಟಿಕೊಂಡು ಮುಂಬಯಿಯ ಲೋಕಲ್‌ನಲ್ಲಿ ಓಡಾಡೋದು ಹೇಗೆ ಅನ್ನುವುದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಡುವುದು ಕಣ್ಣಲ್ಲ. ತಲೆಯ ಹಿಂಭಾಗದಲ್ಲಿ, ನೋಟಕ್ಕೆ ಸಂಬಂಧಿಸಿದ ಮಿದುಳಿನ ಹೊರಪದರದ ಮೇಲೆ, ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿ.ಮೀ. ವೇಗದಲ್ಲಿ ತೆವಳುತ್ತದೆ. ಅಲೆಯ ಮುಂದಂಚಿನಲ್ಲಿ ನರಕೋಶಗಳು ಕೆರಳುತ್ತವೆ, ಅದೇ ಮಿನುಗುವ ಅಂಕುಡೊಂಕು ಗೆರೆ. ಅಲೆ ದಾಟಿದ ಮೇಲೆ ಅವು ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ, ಅದೇ ಕಾಣದ ಜಾಗ. ಕಾರ್ಲ್ ಲ್ಯಾಶ್ಲಿ ಎಂಬ ವಿಜ್ಞಾನಿ ತನಗೇ ಬರುತ್ತಿದ್ದ ಔರಾವನ್ನು ಕಾಗದದ ಮೇಲೆ ಗುರುತು ಮಾಡುತ್ತ ಹೋಗಿ 1941ರಲ್ಲಿ ಈ ವೇಗವನ್ನು ಲೆಕ್ಕ ಹಾಕಿದ. ನೀನು ನೋಡುತ್ತಿರುವ ಕಡೆಯೇ ಸಣ್ಣ ಚುಕ್ಕೆಯಾಗಿ ಶುರುವಾಗಿ, ಬಳೆಚೂರಿನಂತೆ ಬಾಗಿ ಹಿಗ್ಗುತ್ತ ಅಂಚಿಗೆ ಸರಿದು ಮಾಯವಾಗುವುದಕ್ಕೆ ಸಾಮಾನ್ಯವಾಗಿ 20–30 ನಿಮಿಷ. ಒಂದು ಕಣ್ಣು ಮುಚ್ಚು, ಆಮೇಲೆ ಇನ್ನೊಂದು ಮುಚ್ಚು. ಎರಡರಲ್ಲೂ ಕಂಡರೆ ಅದು ಮಿದುಳಿನದು. ಎರಡೂ ಮುಚ್ಚಿದರೂ ಮಿನುಗು ಹೋಗುವುದಿಲ್ಲ, ಹೆದರಬೇಡ.

ಹೆದರಬೇಕಾದದ್ದು ಬೇರೆ. ಕಾಣದ ಜಾಗ ಕಪ್ಪಾಗಿ ಇರುವುದಿಲ್ಲ. ಸುತ್ತಲಿನ ಬಣ್ಣವನ್ನೇ ಎಳೆದು ಮಿದುಳು ಅಲ್ಲಿಗೆ ತೇಪೆ ಹಾಕಿಬಿಡುತ್ತದೆ. ಸ್ಟೇಷನ್ನಿನಲ್ಲಿ ಗಾಡಿಯ ಹೊತ್ತು ತೋರಿಸುವ ಇಂಡಿಕೇಟರಿನಲ್ಲಿ 9:12 ಇದ್ದರೆ ನಡುವಿನ ಅಂಕಿಯೇ ಇಲ್ಲ, ಆದರೆ ಅಲ್ಲೊಂದು ತೂತು ಇದೆ ಅಂತಲೂ ಅನ್ನಿಸುವುದಿಲ್ಲ. ರಸ್ತೆ ಖಾಲಿ ಕಾಣುತ್ತದೆ, ಬರುತ್ತಿರುವ ರಿಕ್ಷಾ ಆ ತೇಪೆಯೊಳಗೇ ಇರುತ್ತದೆ. ಆದ್ದರಿಂದ ಗೆರೆ ಮಿನುಗಿದೊಡನೆ ನಡೆಯುವುದನ್ನು ನಿಲ್ಲಿಸು. ಪ್ಲಾಟ್‌ಫಾರ್ಮಿನಲ್ಲಿದ್ದರೆ ಹಳದಿ ಗೆರೆಯಿಂದ ದೂರ ಸರಿದು ಬೆಂಚೋ ಕಂಬವೋ ಹಿಡಿ, ಬಂದ ಗಾಡಿ ಹೋಗಲಿ. ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು, ಕುರ್ಲಾ ಸೇತುವೆಯ ಮೆಟ್ಟಿಲು, ಎರಡೂ ಆಗ ನಂಬುವಂಥವಲ್ಲ. ಡಬ್ಬಾದೊಳಗಿದ್ದರೆ ಬಾಗಿಲ ಬಳಿಯಿಂದ ಒಳಗೆ ಬಾ, "ಮಲಾ ದಿಸತ್ ನಾಹೀ, ಬಸೂ ದ್ಯಾ" (ನನಗೆ ಕಾಣಿಸ್ತಿಲ್ಲ, ಕೂರಲು ಬಿಡಿ) ಅನ್ನು. ಲೇಡೀಸ್ ಡಬ್ಬಾದಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟೇ ಕೊಡುತ್ತಾರೆ. ನಿನ್ನ ಸ್ಟೇಷನ್ ಬಂತೆಂದು ಆ ನೂಕಾಟದಲ್ಲಿ ಇಳಿಯಬೇಡ. ಮುಂದೆ ಹೋಗಿ ಇಳಿದು ವಾಪಸ್ ಬಂದರಾಯಿತು.

ಮಾತ್ರೆಯ ವಿಷಯದಲ್ಲಿ ಹೆಚ್ಚಿನವರು ಹೊತ್ತು ತಪ್ಪುತ್ತಾರೆ. ಡಾಕ್ಟರು ಕೊಟ್ಟ ನೋವಿನ ಮಾತ್ರೆ ನ್ಯಾಪ್ರಾಕ್ಸೆನ್ ಅನ್ನು ಔರಾ ಇರುವಾಗಲೇ ಎರಡು ಬಿಸ್ಕತ್ತು ತಿಂದು ನುಂಗಬಹುದು. ಮೈಗ್ರೇನಿಗೆಂದೇ ಇರುವ ಸುಮಾಟ್ರಿಪ್ಟಾನ್ ಹಾಗಲ್ಲ. ಗೆರೆ ಕಂಡಾಗ ತೆಗೆದುಕೊಂಡರೆ ಮುಂದಿನ ನೋವನ್ನು ಅದು ತಡೆಯುವುದಿಲ್ಲ. ನೋವು ಶುರುವಾಗಬೇಕು, ಆದರೆ ಇನ್ನೂ ಸಣ್ಣದಿರಬೇಕು, ಆಗ ನುಂಗು. ನೋವು ಪೂರ್ತಿ ಏರಲಿ ಅಂತ ಕಾದರೆ ಹೊಟ್ಟೆಯ ಚಲನೆಯೇ ನಿಧಾನವಾಗಿ ಮಾತ್ರೆ ಅಲ್ಲೇ ಕುಳಿತುಬಿಡುತ್ತದೆ. ವಾಕರಿಕೆಗೆಂದು ಡೊಂಪೆರಿಡೋನ್ ಬರೆದಿರುವುದರಲ್ಲಿ ಈ ಕಾರಣವೂ ಇದೆ. ಮೊದಲ ಸುಮಾಟ್ರಿಪ್ಟಾನ್‌ನಿಂದ ಏನೂ ಆಗದಿದ್ದರೆ ಅದೇ ನೋವಿಗೆ ಎರಡನೆಯದು ಬೇಡ. ನೋವು ಇಳಿದು ಮತ್ತೆ ಬಂದರೆ ಮಾತ್ರ, ಅದೂ ಎರಡು ಗಂಟೆ ಕಳೆದ ಮೇಲೆ. ತಿಂಗಳಲ್ಲಿ 10 ದಿನ ಟ್ರಿಪ್ಟಾನ್, ಅಥವಾ 15 ದಿನ ಮಾಮೂಲಿ ನೋವಿನ ಮಾತ್ರೆ ಮುಟ್ಟಿತೆಂದರೆ ಆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಅಷ್ಟರ ಹತ್ತಿರ ಬಂದರೂ ಡಾಕ್ಟರ ಹತ್ತಿರ ಹೋಗು. ದಿನವೂ ತೆಗೆದುಕೊಂಡು ನೋವನ್ನು ತಡೆಯುವ ಮಾತ್ರೆಗಳು ಬೇರೆಯೇ ಇವೆ.

ಇದೊಂದನ್ನು ಎರಡು ಸಲ ಓದು. ಪಿಸಿಓಡಿಗೆಂದೋ (ಅಂಡಾಶಯದ ತೊಂದರೆ) ಮೊಡವೆಗೆಂದೋ ಯಾರಾದರೂ ಹಾರ್ಮೋನಿನ ಗುಳಿಗೆ ಬರೆದರೆ, "ನನಗೆ ಔರಾ ಇರುವ ಮೈಗ್ರೇನ್ ಇದೆ, ಇದರಲ್ಲಿ ಈಸ್ಟ್ರೋಜನ್ ಇದೆಯೇ?" ಅಂತ ಕೇಳದೆ ತೆಗೆದುಕೊಳ್ಳಬೇಡ. ಔರಾ ಇರುವವರಲ್ಲಿ ಲಕ್ವದ ಅಪಾಯ ಸ್ವಲ್ಪ ಹೆಚ್ಚು, ಈಸ್ಟ್ರೋಜನ್ ಅದನ್ನು ಇನ್ನಷ್ಟು ಏರಿಸುತ್ತದೆ, ಸಿಗರೇಟು ಸೇರಿದರಂತೂ ಕೇಳುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೂ ಔರಾ ಇರುವವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಕೊಡಕೂಡದು ಅಂತಲೇ ಇದೆ. ಚರ್ಮದ ಡಾಕ್ಟರು ತಲೆನೋವಿನ ವಿಚಾರ ಕೇಳುವುದಿಲ್ಲ, ನೀನೇ ಬಾಯಿಬಿಟ್ಟು ಹೇಳಬೇಕು.

ಔರಾ ನಿಧಾನವಾಗಿ ಹರಡುತ್ತದೆ. ಲಕ್ವ ಒಮ್ಮೆಲೇ ಬಡಿಯುತ್ತದೆ. ದಿಢೀರನೆ ನೋಟ ಹೋದರೆ, ಒಂದೇ ಕಣ್ಣಿಗೆ ಪರದೆ ಬಿದ್ದಂತಾದರೆ, ಕೈಕಾಲಿನಲ್ಲಿ ಬಲ ಹೋದರೆ, ಬಾಯಿ ಸೊಟ್ಟಗಾದರೆ, ಇಲ್ಲವೆ ಔರಾ ಒಂದು ಗಂಟೆ ಮೀರಿದರೆ ಮಾತ್ರೆ ನುಂಗಿ ಮಲಗಬೇಡ. ತಕ್ಷಣ 108ಕ್ಕೆ ಫೋನ್ ಮಾಡು.

ಊಟ ತಪ್ಪಿಸಬೇಡ, ಶ್ರಾವಣ ಸೋಮವಾರದ ಉಪವಾಸವನ್ನು ದೇವರು ನಿನಗೆ ಮಾಫಿ ಮಾಡುತ್ತಾನೆ. ಭಾನುವಾರವೂ ದಿನಾ ಏಳುವ ಹೊತ್ತಿಗೇ ಏಳು, ಚಹಾದ ಹೊತ್ತೂ ತಪ್ಪದಿರಲಿ. ಚಾಕೊಲೇಟಿನಿಂದಲೇ ಬಂತು ಅಂತಿದ್ದೆಯಲ್ಲ, ಎಷ್ಟೋ ಸಲ ಅದು ತಿರುಗಾಮುರುಗಾ. ಮೈಗ್ರೇನ್ ಒಳಗೆ ಆಗಲೇ ಶುರುವಾಗಿರುತ್ತದೆ, ಸಿಹಿ ಬೇಕೆನಿಸುವುದು, ಪದೇಪದೇ ಆಕಳಿಸುವುದು ಅದರದ್ದೇ ಮೊದಲ ಗುರುತು.

ಬ್ಯಾಗಿನ ಚಿಕ್ಕ ಜಿಪ್ಪಿನಲ್ಲಿ ಎರಡು ಮಾತ್ರೆ, ಬಿಸ್ಕತ್ತು, ನೀರಿನ ಬಾಟಲಿ, ಒಂದು ಪುಟ್ಟ ಡೈರಿ ಇರಲಿ. ಗೆರೆ ಕಂಡ ಹೊತ್ತು, ಎಡವೋ ಬಲವೋ, ಎಷ್ಟು ನಿಮಿಷ, ಮುಟ್ಟಿನ ಎಷ್ಟನೇ ದಿನ, ಇಷ್ಟು ಬರೆದಿಡು. ಮೂರು ತಿಂಗಳದ್ದು ಸೇರಿದ ಮೇಲೆ ಡಾಕ್ಟರಿಗೆ ತೋರಿಸು. ಅದಕ್ಕೂ ಮೊದಲು ಪುಟಗಳ ಫೋಟೋ ತೆಗೆದು ನನಗೆ ಕಳಿಸು.

ನಿನ್ನ ಅಮ್ಮ