ಆ ಬಿಳಿ ವೃತ್ತ ಚಂದ್ರನಲ್ಲ: ಗೆಳೆಯನಿಗೊಂದು ಪತ್ರ

ಕಲಬುರಗಿ, ಭಾನುವಾರ ರಾತ್ರಿ

ಪ್ರಿಯ ಗೆಳೆಯಾ,

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಚಿತ್ರ ಪ್ರದರ್ಶನಕ್ಕೆ ಕ್ಷೇಮವಾಗಿ ತಲುಪಿತು, ಚೌಕಟ್ಟಿನ ಒಂದು ಮೂಲೆಯೂ ಮುಕ್ಕಾಗಿಲ್ಲ. ಬಾಗಿಲಿಗೆ ಎದುರಾಗಿರುವ ಗೋಡೆಯನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದಾರೆ. ಕುಂಬಳಕಾಯಿ ಸಾಹೇಬರು ಉದ್ಘಾಟನೆಗೆ ಬಂದಿದ್ದರು. ಅದೇ ಕೋಟು, ಅದೇ ಪ್ರಶ್ನೆ. ನಾನು ಕೊಟ್ಟ ಉತ್ತರವೂ ಅದೇ ಎಂದು ನಿನಗೆ ಹೇಳಬೇಕಾಗಿಲ್ಲ.

ಇದನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ಆದರೆ ಗುರುವಾರ ಸಂಜೆ ನಿನ್ನ ಚಿತ್ರದ ಮುಂದೆ ನಿಂತು ನಲವತ್ತು ಮಂದಿಗೆ ನಾನು ಏನೇನೋ ಹೇಳಿದ್ದೇನೆ. ಅವರಲ್ಲಿ ಹಲವರು ನನ್ನ ಬರಹಗಳನ್ನು ಇಲ್ಲಿ ಓದುತ್ತಾರೆ. ಎಲ್ಲರೆದುರು ಹೇಳಿದ ತಪ್ಪನ್ನು ನಿನ್ನ ಕಿವಿಯಲ್ಲಿ ಮಾತ್ರ ಒಪ್ಪಿಕೊಂಡರೆ ಸಾಲದು.

ಚಿತ್ರವನ್ನು ನೋಡದವರಿಗಾಗಿ ಎರಡು ಮಾತು. ಐದಡಿ ಎತ್ತರ, ನಾಲ್ಕಡಿ ಅಗಲದ ಕ್ಯಾನ್ವಾಸು. ಮುಕ್ಕಾಲು ಭಾಗ ಕಪ್ಪು. ಅದರ ನಡುವೆ, ಸ್ವಲ್ಪ ಎಡಕ್ಕೆ, ಮಾಸಲು ಬಿಳಿಯ ಒಂದು ವೃತ್ತ. ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಕೆಂಪು ಪಟ್ಟಿ. ಬಲಮೂಲೆಯಲ್ಲಿ ಎರಡು ತಟ್ಟೆಗಳು, ಎರಡರ ಮೇಲೂ ಇನ್ನೊಂದೊಂದು ತಟ್ಟೆ ಬೋರಲು ಮುಚ್ಚಿದೆ. ಹೆಸರಿನ ಚೀಟಿಯಲ್ಲಿ ‘ಶೀರ್ಷಿಕೆಯಿಲ್ಲ’ ಎಂದಿದೆ.

ಚಿತ್ರವನ್ನು ಜನರಿಗೆ ವಿವರಿಸಬೇಕೆಂದು ಸಂಘಟಕರು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿದೆ. ಇಪ್ಪತ್ತು ನಿಮಿಷ ಮಾತನಾಡಿದೆ. ಕಪ್ಪು ಎಂದರೆ ನಮ್ಮ ಎರೆಭೂಮಿ, ಮಳೆ ಬಾರದ ವರ್ಷದಲ್ಲಿ ಬಿರಿದ ಎರೆಭೂಮಿ ಎಂದೆ. ಕೆಂಪು ಪಟ್ಟಿಯನ್ನು ಗಡಿ ಎಂದೆ: ಕನ್ನಡ, ಮರಾಠಿ, ತೆಲುಗು ಸೇರುವ ಬೀದರಿನ ಗಡಿ, ಗುಳೆ ಹೋಗುವವರು ದಾಟುವ ಗಡಿ. ಮುಚ್ಚಿದ ತಟ್ಟೆಗಳಿಗೆ ಹಸಿವು ಎಂದು ಹೆಸರಿಟ್ಟೆ. ವೃತ್ತಕ್ಕೆ ಬಂದಾಗ ಮೊದಲು ಚಂದ್ರ ಎಂದೆ, ಆಮೇಲೆ ಅದೂ ಸಾಲದೆಂದು ಅಲ್ಲಮನ ಬಯಲಿಗೆ ಹೋದೆ. ಬಸವಕಲ್ಯಾಣ ನಿಮ್ಮ ಜಿಲ್ಲೆಯದೇ ತಾನೇ, ಶೂನ್ಯಸಿಂಹಾಸನದ ನೆಲದಿಂದ ಬಂದವನು ಶೂನ್ಯವನ್ನಲ್ಲದೆ ಇನ್ನೇನು ಬರೆದಾನು ಎಂದೆ. ಕೊನೆಗೆ ಬಿದರಿಯನ್ನೂ ಎಳೆದು ತಂದೆ. ಕಪ್ಪು ನೆಲದ ಮೇಲೆ ಬೆಳ್ಳಿ! ಚಪ್ಪಾಳೆ ಬಿತ್ತು. ಮನೆಗೆ ಹೋಗುವಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಅದರಲ್ಲಿ ನಿನ್ನ ಮನೆ ಎಲ್ಲಿಯೂ ಇರಲಿಲ್ಲ, ಗೆಳೆಯಾ.

ಆ ರಾತ್ರಿ ಮಾತಿನ ಸಾರಾಂಶವನ್ನು ಇಲ್ಲಿ ಹಾಕೋಣವೆಂದು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಬೆರಳಿನಿಂದ ಹಿಗ್ಗಿಸುತ್ತಿದ್ದೆ. ವೃತ್ತದ ನೆತ್ತಿಯ ಮೇಲೆ ಒಂದು ಚುಕ್ಕೆ ಕಂಡಿತು. ಧೂಳು ಇರಬೇಕೆಂದು ಪರದೆ ಒರೆಸಿದೆ, ಹೋಗಲಿಲ್ಲ. ಇನ್ನೂ ಹಿಗ್ಗಿಸಿದೆ. ಮೊಳೆ. ಮೊಳೆಗೆ ಸಣ್ಣದೊಂದು ನೆರಳು. ವೃತ್ತದ ಕೆಳಗಿನ ಅಂಚಿನ ಹೊರಗೆ ಕಪ್ಪಿನಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಕಮಾನು ಗೀರು. ಭಾರವಾದದ್ದೇನೋ ಮೊಳೆಯಿಂದ ತೂಗಿ, ತೆಗೆಯುವಾಗ ಇಡುವಾಗ ಅತ್ತಿತ್ತ ಓಲಾಡಿ, ವರ್ಷಗಟ್ಟಲೆ ಗೋಡೆಯನ್ನು ಕೆರೆದ ಗುರುತು.

ಆ ಗೀರಿನ ಸದ್ದು ನನಗೆ ಗೊತ್ತು. ಬೆಳಗಿನ ಐದೂವರೆಗೆ, ನಾವಿಬ್ಬರೂ ಪಡಸಾಲೆಯಲ್ಲಿ ಮುಸುಕು ಹೊದ್ದು ಮಲಗಿರುವಾಗ, ನಿನ್ನ ಅವ್ವ ಗೋಡೆಯಿಂದ ಹಿತ್ತಾಳೆಯ ಪರಾತ, ಹಿಟ್ಟು ನಾದುವ ಆ ಅಗಲದ ದುಂಡು ತಟ್ಟೆ, ಇಳಿಸುತ್ತಿದ್ದ ಸದ್ದು ಅದು. ಒಂದು ಸಲ ಕಿರ್ರ್ ಎಂದು ಕೆರೆದು, ಆಮೇಲೆ ನೆಲಕ್ಕೆ ಕೂರುವ ಸದ್ದು. ಅದರ ಬೆನ್ನಿಗೇ ಜೋಳದ ಹಿಟ್ಟು, ಬಿಸಿನೀರು, ರೊಟ್ಟಿ ಬಡಿಯುವ ತಾಳ. ತಿಂಗಳಿಗೆ ಎರಡು ಶನಿವಾರ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಭಾಲ್ಕಿಯ ಕಡೆ ಹೊರಡುತ್ತಿದ್ದೆವಲ್ಲ, ಆ ಎಲ್ಲ ಭಾನುವಾರಗಳೂ ಅದೇ ಸದ್ದಿನಿಂದ ಬೆಳಗಾಗುತ್ತಿದ್ದವು.

ಶುಕ್ರವಾರ ಬೀಗ ತೆಗೆಯುವ ಮೊದಲೇ ಸಭಾಂಗಣದ ಮುಂದೆ ಹೋಗಿ ನಿಂತಿದ್ದೆ. ದೀಪ ಹಾಕಬೇಡಿ ಎಂದು ಕೇಳಿಕೊಂಡೆ. ಕಿಟಕಿಯ ಓರೆ ಬೆಳಕಿನಲ್ಲಿ ನೋಡಿದಾಗ ಗೊತ್ತಾಯಿತು, ಆ ವೃತ್ತಕ್ಕೆ ನೀನು ಬಣ್ಣವನ್ನೇ ಹಚ್ಚಿಲ್ಲ. ಅದು ಕ್ಯಾನ್ವಾಸಿನ ಮೊದಲ ಲೇಪ. ಅದನ್ನು ಹಾಗೇ ಬಿಟ್ಟು ಸುತ್ತಲೂ ಕಪ್ಪನ್ನು ಪದರ ಪದರವಾಗಿ ಏರಿಸಿದ್ದೀಯ. ಅಂಚಿನಲ್ಲಿ ಬೆರಳಿಟ್ಟರೆ ತಾಗುವಷ್ಟು ದಪ್ಪದ ದಂಡೆ ಇದೆ. (ಮುಟ್ಟಿದೆ, ಕ್ಷಮಿಸು.) ಆ ಕಪ್ಪು ಕೊಳವೆಯಿಂದ ಹಿಂಡಿದ ಕಪ್ಪೂ ಅಲ್ಲ. ಒಳಗೆ ಕಂದು ಇದೆ, ನೀಲಿ ಇದೆ, ಮೇಲೆ ದೀಪದ ಕಾಡಿಗೆಯ ಮಂಕು ಇದೆ. ಮೂವತ್ತು ವರ್ಷದ ಒಲೆಯ ಹೊಗೆ ಗೋಡೆಯನ್ನು ಹೇಗೆ ಬರೆಯಿತೋ ಹಾಗೆಯೇ ನೀನು ಬರೆದಿದ್ದೀಯ. ಪರಾತ ತೂಗಿದ್ದ ಜಾಗಕ್ಕೆ ಮಾತ್ರ ಹೊಗೆ ತಾಗಲಿಲ್ಲ. ಪರಾತ ಇಳಿದ ಮೇಲೆ ಗೋಡೆಯ ಹಳೆಯ ಸುಣ್ಣ ಅಲ್ಲಿ ಬಯಲಾಯಿತು.

ನಾನು ಬಯಲು ಎಂಬ ಮಾತನ್ನು ಆಡಿದ್ದೆ, ನಿಜ. ಆದರೆ ಪರಾತವನ್ನು ಕಾಣದೆ ಆಡಿದ್ದೆ.

ಬಿದರಿಯ ಹೋಲಿಕೆ ಅದಕ್ಕಿಂತ ದೊಡ್ಡ ತಪ್ಪು, ಅದನ್ನು ಇಲ್ಲಿ ಸರಿಯಾಗಿ ಬಿಡಿಸಿ ಹೇಳಬೇಕು. ಬಿದರಿಯಲ್ಲಿ ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಮೇಲೆ ಕೆತ್ತಿ, ಕೆತ್ತಿದ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿ ಹಚ್ಚಿದಾಗ ಸತುವಿನ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಅಲ್ಲಿನ ಬಿಳುಪು ಹೊರಗಿನಿಂದ ತಂದು ಕೂರಿಸಿದ ಬೆಲೆಬಾಳುವ ಬಿಳುಪು. ನಿನ್ನ ವೃತ್ತದಲ್ಲಿ ತಂದು ಕೂರಿಸಿದ್ದು ಏನೂ ಇಲ್ಲ. ಅಲ್ಲಿದ್ದ ವಸ್ತುವನ್ನು ಯಾರೋ ತೆಗೆದಿದ್ದಾರೆ, ಅಷ್ಟೇ. ಎರಡನ್ನೂ ಒಂದೇ ಎಂದವನು ಎರಡನ್ನೂ ಮಾಡಿದ ಕೈಗಳನ್ನು ನೋಡಿಲ್ಲ.

ನಮ್ಮ ಭಾಗದವರು ಏನು ಬರೆದರೂ ಅದರಲ್ಲಿ ಬರ, ಗುಳೆ, ಹಿಂದುಳಿದಿರುವಿಕೆ ಇವನ್ನೇ ಹುಡುಕುತ್ತಾರೆಂದು ನೀನು ಸಿಟ್ಟಾಗುತ್ತಿದ್ದೆ. ಬೆಂಗಳೂರಿನ ವಿಮರ್ಶಕರನ್ನು ನಾವಿಬ್ಬರೂ ಕೂಡಿ ಬೈದದ್ದು ನೆನಪಿದೆ. ಈಗ ಅದೇ ಕೆಲಸವನ್ನು ಕಲಬುರಗಿಯಲ್ಲೇ ಹುಟ್ಟಿದ ನಾನು ಮಾಡಿದ್ದೇನೆ. ನಮ್ಮ ನೆಲದಲ್ಲಿ ಬರ ಇಲ್ಲವೆಂದಲ್ಲ. ಆದರೆ ಇಲ್ಲಿ ಒಂದು ಅಡುಗೆಮನೆಯೂ ಇದೆ, ಅದಕ್ಕೆ ಅದರದೇ ಗೋಡೆ ಇದೆ, ಆ ಗೋಡೆ ಬೇರೆ ಯಾವುದಕ್ಕೂ ಗುರುತಾಗಿ ನಿಲ್ಲಬೇಕಾಗಿಲ್ಲ.

ತಪ್ಪಿನ ಬೇರು ಎಲ್ಲಿದೆ ಎಂದು ಈ ಎರಡು ದಿನ ಯೋಚಿಸಿದೆ. ನಮ್ಮ ಊರಿನವರ ಕಣ್ಣನ್ನು ಪಳಗಿಸಿದ್ದು ಎಸ್. ಎಂ. ಪಂಡಿತರು. 1916ರಲ್ಲಿ ಇಲ್ಲೇ ಹುಟ್ಟಿ, ಮುಂಬಯಿಗೆ ಹೋಗಿ, ದೇಶದ ಗೋಡೆಗಳಿಗೆಲ್ಲ ದೇವರನ್ನು ಬರೆದುಕೊಟ್ಟವರು. ಅವರ ಚಿತ್ರದಲ್ಲಿ ಶಂಖ ಕಂಡರೆ ವಿಷ್ಣು, ಡಮರು ಕಂಡರೆ ಶಿವ. ಬೀಗ ಮತ್ತು ಕೀಲಿಕೈ ಎರಡೂ ನೋಡುವವನ ಮನೆಯಲ್ಲೇ ಇರುತ್ತವೆ. ನಾನು ಆ ಕೀಲಿಕೈ ಗೊಂಚಲನ್ನೇ ಹಿಡಿದು ನಿನ್ನ ಚಿತ್ರದ ಮುಂದೆ ನಿಂತೆ: ಕಪ್ಪು ಎಂದರೆ ಇದು, ಕೆಂಪು ಎಂದರೆ ಅದು. ಈ ಕಾಲದ ಚಿತ್ರಕಾರ ತನ್ನ ಗುರುತುಗಳನ್ನು ಪುರಾಣದಿಂದ ತರುವುದು ಕಡಿಮೆ, ತನ್ನ ಬದುಕಿನಿಂದಲೇ ತರುತ್ತಾನೆ. ತೈಯಬ್ ಮೆಹ್ತಾ ಬರೆದ ಕೆಳಕ್ಕೆ ಬೀಳುವ ದೇಹಗಳನ್ನು ಮನುಷ್ಯಕುಲದ ಪತನವೆಂದು ಓದಬಹುದು, ತಪ್ಪಿಲ್ಲ. ಆದರೆ 1947ರ ಗಲಭೆಯಲ್ಲಿ ಮುಂಬಯಿಯ ತಮ್ಮ ಮನೆಯ ಕಿಟಕಿಯಿಂದ, ಬೀದಿಯಲ್ಲಿ ಜನ ಒಬ್ಬ ಯುವಕನನ್ನು ಕೊಂದದ್ದನ್ನು ಅವರು ಕಂಡಿದ್ದರು. ಆ ಒಬ್ಬನನ್ನು ಬಿಟ್ಟು ನೇರವಾಗಿ ಮನುಷ್ಯಕುಲಕ್ಕೆ ಹಾರಿದರೆ ಚಿತ್ರ ಕೈಗೆ ಸಿಗುವುದಿಲ್ಲ.

ಕಾಲೇಜಿನ ಎರಡನೆಯ ವರ್ಷ ನಮ್ಮನ್ನು ಸನ್ನತಿಗೆ ಕರೆದುಕೊಂಡು ಹೋಗಿದ್ದರಲ್ಲ. ಅಲ್ಲಿನ ಕನಗನಹಳ್ಳಿಯ ಬೌದ್ಧ ಸ್ತೂಪದ ಕಲ್ಲಿನ ಫಲಕಗಳ ಮುಂದೆ ನೀನು ಊಟಕ್ಕೂ ಏಳಲಿಲ್ಲ. ರಾಣಿಯ ಜೊತೆ ನಿಂತ ರಾಜನ ಫಲಕಕ್ಕೆ ಎಲ್ಲರೂ ಮುತ್ತಿದ್ದೆವು, ಏಕೆಂದರೆ ಅದರ ಮೇಲೆ ಬ್ರಾಹ್ಮಿಯಲ್ಲಿ ಅಶೋಕ ರಾಜ ಎಂದು ಬರೆದಿದೆ. ನೀನು ಮಾತ್ರ ಖಾಲಿ ಪೀಠದ ಫಲಕದ ಹತ್ತಿರ ಕುಳಿತಿದ್ದೆ. ಮರದ ಕೆಳಗೆ ಪೀಠ, ಸುತ್ತ ಕೈಮುಗಿದವರು, ಪೀಠದ ಮೇಲೆ ಯಾರೂ ಇಲ್ಲ. ಬುದ್ಧನನ್ನು ಬರೆಯದೆ ಬುದ್ಧನನ್ನು ಕೂರಿಸುವ ಆ ಹಳೆಯ ಕ್ರಮವನ್ನು ಮೇಷ್ಟ್ರು ವಿವರಿಸುತ್ತಿದ್ದರೆ, ನೀನು ಮೆಲ್ಲಗೆ ಹೇಳಿದೆ, “ಎದ್ದು ಹೋದವರ ಜಾಗ ಬೆಚ್ಚಗಿರುತ್ತದೆ.” ಮರಳುವಾಗ ಚಂದ್ರಲಾಂಬೆಯ ಗುಡಿಯಲ್ಲಿ ಇನ್ನೊಂದು ಕಥೆ ಕೇಳಿದೆವು: ಆವರಣದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿದ್ದು. ಹೂವು ಏರಿಸಿದವರ ಕಣ್ಣೆದುರೇ ಇದ್ದ ಕಲ್ಲು. ನಾನು ಆ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ, ಬಹಳ ಚೆನ್ನಾಗಿ ಹೇಳುತ್ತೇನೆ.

ಈಗ ಬರೆಯಬೇಕೆಂದುಕೊಂಡಿರದ ಮಾತು ಬರುತ್ತಿದೆ. ಬರಲಿ.

ಆ ಅಡುಗೆಮನೆಯನ್ನು ನಾನು ಗುರುತಿಸದೆ ಹೋದದ್ದು ಮರೆವಿನಿಂದಲ್ಲ. ಕೆಂಪು ಪಟ್ಟಿ ಗೋಡೆಯ ಬುಡದ ಕೆಮ್ಮಣ್ಣಿನ ಕಾರಣೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಎಳ್ಳಮಾವಾಸ್ಯೆಗೆ ಅವ್ವ ಕುಂಚ ಕೈಗೆ ಕೊಟ್ಟು ಅದನ್ನು ಬಳಿಸಿದ್ದು ನನ್ನಿಂದಲೇ. ಗುರುತಿಸಿದರೆ ಅವಳನ್ನು ನೆನೆಯಬೇಕಾಗುತ್ತಿತ್ತು. ಅದಕ್ಕೇ ಎರೆಭೂಮಿ, ಗಡಿ, ಅಲ್ಲಮ ಎಂದು ಸುತ್ತುಬಳಸಿ ಓಡಾಡಿದೆ.

ಅವ್ವ ತೀರಿಕೊಂಡಾಗ ರಜೆ ಸಿಗಲಿಲ್ಲ ಎಂದು ನಿನಗೆ ಹೇಳಿದ್ದೆ. ನಾನು ರಜೆಯನ್ನು ಕೇಳಿಯೇ ಇರಲಿಲ್ಲ. 2019ರ ಡಿಸೆಂಬರ್, ತೊಗರಿ ಕೊಯ್ಲಿನ ದಿನಗಳು. ಕಲಬುರಗಿಯಿಂದ ಬೀದರಿಗೆ ನೇರ ರೈಲು ಬಂದು ಎರಡು ವರ್ಷವಾಗಿತ್ತು, ದೂರ ಎಂಬ ನೆಪವೂ ಇರಲಿಲ್ಲ. ವಡೋದರಾದ ಕಲಾಶಾಲೆಯ ಪ್ರವೇಶ ಪಟ್ಟಿಯಲ್ಲಿ ನಿನ್ನ ಹೆಸರು ಬಂದು ನನ್ನದು ಬಾರದೆ ಹೋದ ವರ್ಷದಿಂದಲೂ ಅವ್ವ ನನಗೆ ಫೋನ್ ಮಾಡುತ್ತಲೇ ಇದ್ದಳು. ಅವಳದು ಒಂದೇ ಪ್ರಶ್ನೆ: “ಏನು ಬರೆಯುತ್ತಿದ್ದೀಯಪ್ಪಾ?” ಮೊದಲೆರಡು ವರ್ಷ ಏನೋ ಒಂದು ಹೇಳುತ್ತಿದ್ದೆ. ಚಿತ್ರ ಬರೆಯುವುದನ್ನು ಪೂರ್ತಿ ಬಿಟ್ಟ ಮೇಲೆ ಅವಳ ಹೆಸರು ಪರದೆಯ ಮೇಲೆ ಬಂದರೆ ಮೊಬೈಲನ್ನು ಮೇಜಿನ ಮೇಲೆ ಬೋರಲು ಇಡುತ್ತಿದ್ದೆ. ಅದು ನಿಲ್ಲುವವರೆಗೆ ಕಾಯುತ್ತಿದ್ದೆ. ಅವಳ ಕೊನೆಯ ಮೂರು ಕರೆಗಳು ಹಾಗೆಯೇ ನಿಂತವು. ನಿನ್ನ ಎದುರು ಬಂದು ಕುಳಿತರೆ ನೀನು ಅದನ್ನು ಕೇಳುತ್ತೀಯ ಎಂಬ ಭಯಕ್ಕೆ ಮಣ್ಣಿಗೂ ಬರಲಿಲ್ಲ. ನೀನು ಈವರೆಗೆ ಕೇಳಿಲ್ಲ.

ಆದ್ದರಿಂದ ತಟ್ಟೆಗಳ ವಿಷಯವನ್ನು ನಾನೇ ಕೇಳುತ್ತೇನೆ. ನಮ್ಮ ಬಸ್ಸು ತಡವಾದ ಶನಿವಾರಗಳಲ್ಲಿ ಅವ್ವ ಎರಡು ತಟ್ಟೆಗೆ ಬಡಿಸಿ, ಮೇಲೆ ತಟ್ಟೆ ಮುಚ್ಚಿ, ಒಲೆಯ ಬದಿಗೆ ಇಟ್ಟು ಮಲಗುತ್ತಿದ್ದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೂರು ಮೂರು ರೊಟ್ಟಿ. ಒಂದು ನಿನ್ನದು. ಇನ್ನೊಂದು ಯಾರದು, ಗೆಳೆಯಾ? ಚಿತ್ರದ ಕೆಳಗೆ ನೀನು ಹೆಸರು ಬರೆಯದೆ ಬಿಟ್ಟದ್ದು ನನಗಾಗಿಯೋ? ಹೀಗೆ ಕೇಳುವುದೂ ಇನ್ನೊಂದು ಬಗೆಯ ಅರ್ಥ ಹಚ್ಚುವಿಕೆ ಎನ್ನುತ್ತೀಯೇನೋ. ಎನ್ನು. ಆದರೆ ಉತ್ತರ ಹೇಳು.

ಸಾಕು, ಗಂಟೆ ಹನ್ನೆರಡಾಯಿತು, ಕೆಳಗಿನ ಮನೆಯವರ ನಾಯಿ ಕೂಡ ಮಲಗಿದೆ. ಉಳಿದ ಸುದ್ದಿಗಳು ಚುಟುಕಾಗಿ: ಪ್ರದರ್ಶನ ಬುಧವಾರದವರೆಗೆ ಇರುತ್ತದೆ, ಚಿತ್ರವನ್ನು ಕಟ್ಟಿ ಕಳುಹಿಸುವ ಕೆಲಸ ನನ್ನದೇ. ಸೋಮವಾರ ಸಂಜೆ ಮತ್ತೆ ಜನರನ್ನು ಕರೆದಿದ್ದೇನೆ. ಈ ಸಲ ಮೊಳೆಯನ್ನೂ ಗೀರನ್ನೂ ತೋರಿಸಿ ಸುಮ್ಮನಿರುತ್ತೇನೆ, ನೋಡಲು ಐದು ನಿಮಿಷ ಕೊಡುತ್ತೇನೆ. ಮಾಲ್ಪುರಿ ಕಳುಹಿಸು ಎಂದಿದ್ದೆ, ಅದು ವಡೋದರಾ ಮುಟ್ಟುವಷ್ಟರಲ್ಲಿ ಏನಾಗುತ್ತದೆ ಎಂದು ಮೂರನೆಯ ಕೊಡೆಯ ದಿನದಿಂದಲೂ ನಿನಗೆ ಗೊತ್ತಿದೆ. ಇಲ್ಲಿಗೇ ಬಂದು ತಿನ್ನು. ಎಳ್ಳಮಾವಾಸ್ಯೆಗೆ ಊರಿಗೆ ಬರುವುದಾದರೆ ಮುಂಚೆ ತಿಳಿಸು, ಹುಮನಾಬಾದಿನ ನಿಲ್ದಾಣದಲ್ಲಿ ಕಾಯುತ್ತೇನೆ. ಬಸ್ಸಿನಲ್ಲೇ ಹೋಗೋಣ.

ಹಾಂ, ಪರಾತ ಈಗ ಯಾರ ಹತ್ತಿರ ಇದೆ?

ನಿನ್ನ,
ಕಾರಣೆ ಬಳಿದವನು