ನೀಲಿ ಗೆರೆಗಳು

ನಿನ್ನೆ ನಮ್ಮ ಮಗಳು ಅರ್ಧ ಲೋಟ ಹಾಲು ಕುಡಿದಳು. 5 ವರ್ಷದ ಮಗು ಹಾಲು ಕುಡಿದದ್ದನ್ನು ಊರಿಗೆಲ್ಲ ಸಾರುವುದೇಕೆ ಎಂದು ನಿಮ್ಮಲ್ಲಿ ಯಾರೂ ಕೇಳಲಾರಿರಿ; ಅವಳಿಗಿದ್ದ ಹಾಲಿನ ಅಲರ್ಜಿಯ ಕತೆಯೆಲ್ಲ ನಿಮಗೆ ಗೊತ್ತೇ ಇದೆ. ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿಗೆ, ಮೊದಲು ಕೆಲವೇ ಹನಿ, 20 ನಿಮಿಷ ಕಾದು ಅರ್ಧ ಚಮಚ, ಮತ್ತೆ ಕಾದು ಇನ್ನೊಂದಿಷ್ಟು. ಕೊನೆಯ ಗುಟುಕಾದ ಮೇಲೆ ಎರಡು ಗಂಟೆ ಅವಳ ತುಟಿಯನ್ನೇ ನೋಡುತ್ತ ಕುಳಿತಿದ್ದೆವು. ಏನೂ ಆಗಲಿಲ್ಲ.

ಹಾಲು ಜೀರ್ಣವಾಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ ಎಂದು ಬಿಡಿಸಿ ಹೇಳಿದ ವೈದ್ಯರಿಗೆ, ಕೈಗಂಟಿದ ಹಾಲಿನ ಅಂಶ ತೆಗೆಯಲು ಸ್ಯಾನಿಟೈಸರ್ ಸಾಲದೆಂದು ತಿಳಿದ ದಿನದಿಂದ ಊಟವಾದ ಮೇಲೆ ಇಡೀ ತರಗತಿಯ ಕೈಯನ್ನು ಸೋಪಿನಿಂದ ತೊಳೆಸಿದ ಟೀಚರಿಗೆ, ಪೊಟ್ಟಣಗಳ ಹಿಂದಿನ ಸಣ್ಣ ಅಕ್ಷರಗಳಲ್ಲಿ ಕೇಸಿನ್, ವೇ ಎಂಬ ಹಾಲಿನ ಅಂಶಗಳ ಹೆಸರುಗಳನ್ನು ಹುಡುಕಲು ಕಲಿತ ಅಪ್ಪ ಅಮ್ಮನಿಗೆ, ಮನೆಗೆ ಕರೆಯುವ ಮೊದಲು "ಅವಳಿಗೆ ಏನು ಆಗುವುದಿಲ್ಲ?" ಎಂದು ಕೇಳಿಕೊಂಡ ಗೆಳತಿಯರಿಗೆ ಮನಃಪೂರ್ವಕ ನಮಸ್ಕಾರ.

ಉಳಿದದ್ದು ಅತ್ತಿಗೆಗೆ.

ಅತ್ತಿಗೆ, 3 ವರ್ಷದ ಹಿಂದಿನ ಆ ರಾತ್ರಿಯ ಬಗ್ಗೆ ನಾವಿಬ್ಬರೂ ಸರಿಯಾಗಿ ಮಾತನಾಡಿಯೇ ಇಲ್ಲ. ಮಗುವಿನ ಮೈಮೇಲೆ ದದ್ದು ಎದ್ದಾಗ ತುರಿಕೆಯ ಸಿರಪ್ ಸಾಕೆಂದುಕೊಂಡು ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ಅವಳು ವಾಂತಿ ಮಾಡಿಕೊಂಡಳು. ಅಳು ಗೊಗ್ಗರಾದದ್ದನ್ನು ಗಮನಿಸಿದವರು ನೀವು. "ಇದು ಬರೀ ಚರ್ಮದ್ದಲ್ಲ, ಹೊಟ್ಟೆ, ಗಂಟಲು ಎರಡೂ ಸೇರಿಕೊಂಡಿವೆ. ಸಿರಪ್ ಇದನ್ನು ತಡೆಯುವುದಿಲ್ಲ, ಅಡ್ರಿನಲಿನ್ ಕೊಡು" ಎಂದಿರಿ. ಅಲರ್ಜಿ ಜೋರಾದಾಗ ಕೊಡುವ ಆ ಚುಚ್ಚುಮದ್ದಿಗಾಗಿ ಅವಳ ಕಾಲನ್ನು ಅಲುಗದಂತೆ ಹಿಡಿದು, ತೊಡೆಯ ಹೊರಬದಿಯನ್ನು ಬೆರಳಿಟ್ಟು ತೋರಿಸಿದಿರಿ. ಫ್ರಿಜ್ಜಿಗೆ ಅಂಟಿಸಿದ್ದ ವೈದ್ಯರ ಸೂಚನೆಯನ್ನು ನಾನು ದಿನವೂ ನೋಡುತ್ತಿದ್ದೆ. ನೀವು ಓದಿಕೊಂಡಿದ್ದಿರಿ.

ಆಸ್ಪತ್ರೆಯಲ್ಲಿ ಎಲ್ಲ ತಿಳಿಯಾಯಿತು. ಮಗು ಮಲಗಿತು, ಕುರ್ಚಿಯಲ್ಲೇ ನನಗೂ ಕಣ್ಣು ಹತ್ತಿತು. ಮತ್ತೇನೂ ತಿನ್ನದಿದ್ದರೂ ಕೆಲವು ಗಂಟೆ ಬಿಟ್ಟು ಇದು ಮರುಕಳಿಸಬಹುದು ಎಂದು ನರ್ಸ್ ಹೇಳಿದ್ದನ್ನು ಇಬ್ಬರೂ ಕೇಳಿಸಿಕೊಂಡಿದ್ದೆವು. ನೀವು ಕೈಚೀಲದಿಂದ ನೀಲಿ ಬಾಲ್‌ಪೆನ್ ತೆಗೆದು, ಅವಳ ಹೊಟ್ಟೆಯ ಮೇಲೆ ಇನ್ನೂ ಉಳಿದಿದ್ದ ಒಂದೊಂದು ದದ್ದಿನ ಸುತ್ತಲೂ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದಿರಿ: 11.20. ಎರಡು ಗಂಟೆ ದಾಟುವಷ್ಟರಲ್ಲಿ ದದ್ದು ಗೆರೆಯನ್ನು ಮೀರಿತ್ತು, ಕೆಮ್ಮು ಶುರುವಾಗಿತ್ತು. ನೀವು ನರ್ಸನ್ನು ಕೂಗಿ ಕರೆದಾಗಲೇ ನನಗೆ ಎಚ್ಚರವಾದದ್ದು. ಎರಡನೆಯ ಡೋಸ್ ತಡವಾಗಲಿಲ್ಲ.

ನಾನು ಮಲಗಿದ್ದೆ. ಗಂಟಲು ಹಿಡಿಯುತ್ತಿದೆ ಎಂದು ಹೇಳಲು ಮಾತು ಬಾರದ ಮಗು ಕಿವಿ ಎಳೆದುಕೊಳ್ಳುತ್ತಿತ್ತು, ನಾಲಿಗೆಯನ್ನು ಕೈಯಿಂದ ಉಜ್ಜಿಕೊಳ್ಳುತ್ತಿತ್ತು ಎಂದು ನರ್ಸ್ ಆಮೇಲೆ ಹೇಳಿದರು. ಒಂದು ಮಾರು ದೂರದಲ್ಲಿ ನಾನು ಮಲಗಿದ್ದೆ. ಎಷ್ಟೋ ತಿಂಗಳು ಇದನ್ನು ಯಾರೊಡನೆಯೂ ಹೇಳಿಕೊಳ್ಳಲಾಗಲಿಲ್ಲ. ನೀವು ಒಮ್ಮೆಯೂ ಆ ಮಾತೆತ್ತಲಿಲ್ಲ. ಬೆಳಗ್ಗೆ "ಸ್ವಲ್ಪ ನಿದ್ದೆಯಾಯಿತಲ್ಲ, ಒಳ್ಳೆಯದಾಯಿತು. ಇವತ್ತು ನೀನು ಗಟ್ಟಿಯಾಗಿರಬೇಕು" ಎಂದು ಮುಖ ತೊಳೆದು ಬರಲು ಕಳಿಸಿದಿರಿ. ಆ ಗೆರೆಗಳು ಪೂರ್ತಿ ಹೋಗಲು ಮೂರು ಸ್ನಾನ ಬೇಕಾಯಿತು. ನಾನು ಉಜ್ಜಲೇ ಇಲ್ಲ.

ಹಾಲಿನ ಅಲರ್ಜಿ ಬಹಳಷ್ಟು ಮಕ್ಕಳಿಗೆ ಬೆಳೆಯುತ್ತ ಬಿಟ್ಟುಹೋಗುತ್ತದೆ. ಅವಳಿಗಿರುವ ಇನ್ನೊಂದು, ಗೋಡಂಬಿಯದು, ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ಚೀಲ ಇನ್ನೂ ಬಾಗಿಲ ಬಳಿಯ ಮೊಳೆಯಲ್ಲೇ ಇದೆ. ಅದರಲ್ಲಿ ಎರಡು ಅಡ್ರಿನಲಿನ್ ಚುಚ್ಚುಮದ್ದಿನ ಪೆನ್, ವೈದ್ಯರ ಸೂಚನೆಯ ಹಾಳೆ, ಅಂದು ನೀವು ಹಾಸಿಗೆಯ ಮೇಲೆ ಮರೆತುಹೋದ ಬಾಲ್‌ಪೆನ್.

ಬೇಗ ಬನ್ನಿ ಅತ್ತಿಗೆ. ನಿಮ್ಮೆದುರಿಗೆ ಲೋಟ ಖಾಲಿ ಮಾಡಿ ತೋರಿಸಬೇಕೆಂದು ಕಾದಿದ್ದಾಳೆ.